ಬಾಯಿಗೆ ತಂತಿ

ಬೈಕಿಂದ ಬಿದ್ದು ಕೆಳದವಡೆ ಮುರ್ಕೊಂಡಾಗ ಡಾಕ್ಟರು ಎರಡು ದಾರಿ ಹೇಳಿದ್ರು. ಒಂದು, ಮೇಲಿನ ಹಾಗೂ ಕೆಳಗಿನ ಹಲ್ಲುಸಾಲಿಗೆ ಆರ್ಚ್ ಬಾರ್ ಕೂರಿಸಿ, ಎರಡನ್ನೂ ಸೇರಿಸಿ ತಂತಿಯಿಂದ ಬಿಗಿಯೋದು. 4ರಿಂದ 6 ವಾರ ಬಾಯಿ ಬಂದ್, ಬರೀ ಗಂಜಿನೀರು, ಜ್ಯೂಸು. ವಾಂತಿ ಬಂದ್ರೆ ತಂತಿ ಕತ್ತರಿಸೋಕೆ ಕಟರ್ ಸದಾ ಜೊತೆಗಿರಬೇಕು. ಇನ್ನೊಂದು, ಆಪರೇಷನ್ ಮಾಡಿ ಮೂಳೆಗೇ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕೋದು. ಖರ್ಚು ಹೆಚ್ಚು, ಆದರೆ ಬೇಗ ಬಾಯಿ ತೆರೀಬಹುದು.

ಎಕ್ಸೆಲ್‌ನಲ್ಲಿ ಎರಡನ್ನೂ ಹೋಲಿಸಿ ತಂತಿ ಆರಿಸಿಕೊಂಡೆ. ಆಫೀಸಿಗೆ ಚಾಟ್ ಸಾಕಾಯ್ತು. ಆದರೆ ಊರಲ್ಲಿರೋ ಅವ್ವನಿಗೆ ಓದೋಕೆ ಬರಲ್ಲ. ದಿನಾ ಸಂಜೆ ಫೋನ್ ಮಾಡಿ "ಉಂಡ್ಯಾ ಮಗ?" ಅನ್ನೋಳು. ಬಿಗಿದ ಹಲ್ಲಿನೊಳಗಿಂದ "ಹ್ಞೂಂ" ಅಂತಿದ್ದೆ. ಆಮೇಲೆ ಇಬ್ರೂ ಫೋನ್ ಹಿಡ್ಕೊಂಡು ಸುಮ್ನೆ ಇರ್ತಿದ್ವಿ.

ನನ್ನ ಶೀಟಲ್ಲಿ ಅವ್ವನಿಗೊಂದು ಕಾಲಂ ಇರಲೇ ಇಲ್ಲ.