ಚುಕ್ಕಿಯ ಸುಳ್ಳು ಬಸಿರು

ನಮ್ಮನೆ ಚುಕ್ಕಿ ಈವರೆಗೆ ಮೂರು ಸಲ ಬಸುರಿಯಾಗಿದ್ದಾಳೆ. ಮರಿ ಮಾತ್ರ ಒಂದೂ ಇಲ್ಲ. ಬಸವೇಶ್ವರನಗರದ ಯಾವ ಗಂಡುನಾಯಿಗೂ ಇದರಲ್ಲಿ ಪಾತ್ರವಿಲ್ಲ ಅಂತ ಬೇಕಾದ್ರೆ ಬರೆದುಕೊಡ್ತೀನಿ. ಅವಳು ಬೆದೆಗೆ ಬಂದಾಗ ಹಾವನೂರು ಸರ್ಕಲ್ ಕಡೆಯಿಂದೆಲ್ಲ ಬಂದು ನಮ್ಮ ಗೇಟಿನ ಮುಂದೆ ಧರಣಿ ಕೂತ ಗಂಡುಗಳ ಮೇಲೆ ಮೂರು ವಾರ ಕಣ್ಣಿಟ್ಟವಳು ನಾನೇ. ಬೆಳಿಗ್ಗೆ ಐದಕ್ಕೆ ಒಂದು ಕೈಲಿ ಅವಳ ಬೆಲ್ಟು, ಇನ್ನೊಂದು ಕೈಲಿ ಛತ್ರಿ ಹಿಡ್ಕೊಂಡು ವಾಕಿಂಗ್ ಕರ್ಕೊಂಡು ಹೋದವಳೂ ನಾನೇ.

ಆದರೂ ಸರಿಯಾಗಿ ಎರಡು ತಿಂಗಳಿಗೆ ಶುರುವಾಗುತ್ತೆ. ಮೊದಲು ಊಟ ಬೇಡ. ಆಮೇಲೆ ಮಂಚದ ಕೆಳಗೆ ಹೋಗಿ ನೆಲ ಕೆರೆಯೋದು, ಹಳೇ ಬೆಡ್‌ಶೀಟು ಎಳೆದು ಸುತ್ತಿ ಗೂಡು ಮಾಡೋದು. ನಂತರ ಮಕ್ಕಳ ಆಗಮನ. ಹಿರಿಯದು ಹಳದಿ ರಬ್ಬರ್ ಬಾತುಕೋಳಿ. ಎರಡನೆಯದು ನನ್ನ ಗಂಡನ ಒಂಟಿ ಸಾಕ್ಸು. ಮೂರನೆಯದು ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಕೊಂಡ, ಒಂದು ಕಿವಿ ಇಲ್ಲದ ಬಟ್ಟೆ ಆನೆ. ಮೂವರನ್ನೂ ಹೊಟ್ಟೆಗೆ ಒತ್ತಿ ಮಲಗಿಸಿಕೊಂಡು ನೆಕ್ಕುತ್ತಾಳೆ. ಸಾಕ್ಸಿನ ನಿಜವಾದ ಯಜಮಾನ ಹತ್ತಿರ ಬಂದರೆ ಗುರ್ ಅಂತಾಳೆ. ರಾತ್ರಿಯೆಲ್ಲ ಸಣ್ಣ ದನಿಯಲ್ಲಿ ಕುಂಯ್‌ಗುಟ್ಟುತ್ತಾಳೆ.

ಮೊದಲ ಸಲ ನಾವು ನಕ್ಕಿದ್ದು ನಿಜ. ಗಂಡನ ಆಫೀಸಿನವರು ‘ರೀಲ್ ಮಾಡು ಗುರೂ, ವೈರಲ್ ಆಗುತ್ತೆ’ ಅಂದ್ರು. ಮೂರನೇ ದಿನ ಅವಳ ಮೊಲೆ ಊದಿಕೊಂಡು, ಹಾಸಿಗೆ ಮೇಲೆ ಹಾಲಿನ ಕಲೆ ಕಂಡಾಗ ನಗು ನಿಂತಿತು. ಮರಿ ಸುಳ್ಳಿರಬಹುದು, ಹಾಲು ಸುಳ್ಳಲ್ಲವಲ್ಲ.

ಮಾಗಡಿ ರೋಡ್ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟ್ರು ಮೊದಲು ಸ್ಕ್ಯಾನ್ ಮಾಡಿ ಹೊಟ್ಟೆ ಖಾಲಿ ಅನ್ನೋದನ್ನ ಖಾತ್ರಿ ಮಾಡ್ಕೊಂಡ್ರು. ಆಮೇಲೆ ವಿವರಿಸಿದರು. ಬೆದೆ ಮುಗಿದ ಮೇಲೆ ಗರ್ಭ ನಿಂತಿರಲಿ, ನಿಲ್ಲದಿರಲಿ, ನಾಯಿಯ ದೇಹದಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ಸುಮಾರು ಎರಡು ತಿಂಗಳು ಏರಿಯೇ ಇರುತ್ತೆ. ನಾಯಿಯ ಬಸಿರಿನ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ, 63 ದಿನ. ಕೊನೆಗೆ ಪ್ರೊಜೆಸ್ಟೆರಾನ್ ಇಳಿಯುತ್ತೆ, ಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್ ಏರುತ್ತೆ. ಅಲ್ಲಿಗೆ ಹೆರಿಗೆಯಾಗದೆಯೇ ಬಾಣಂತನ ಶುರು. ‘ಇದು ಹುಚ್ಚಲ್ಲ, ಕಾಯಿಲೇನೂ ಅಲ್ಲ. ತುಂಬಾ ಹೆಣ್ಣುನಾಯಿಗಳಲ್ಲಿ ಆಗುತ್ತೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನೇ ಹೋಗುತ್ತೆ’ ಅಂದ್ರು.

ಇದಕ್ಕೆ ತೋಳಗಳಲ್ಲಿ ಮೂಲ ಇರಬಹುದು ಅನ್ನೋದು ಒಂದು ಊಹೆ. ತೋಳದ ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಹಾಕೋದು ಯಜಮಾನಿ ಒಬ್ಬಳೇ. ಮಿಕ್ಕ ಹೆಣ್ಣುಗಳ ಮೈಯೂ ಅದೇ ಸಮಯಕ್ಕೆ ತಾಯ್ತನಕ್ಕೆ ತಯಾರಾದರೆ ಆ ಮರಿಗಳನ್ನು ನೋಡಿಕೊಳ್ಳೋಕೆ ಚಿಕ್ಕಮ್ಮಂದಿರು ಸಿಗ್ತಾರೆ. ಅಂದರೆ ಚುಕ್ಕಿಯ ಮೈ ಕಾಡಿನ ಹಳೇ ಡ್ಯೂಟಿ ಮಾಡ್ತಾ ಇರಬಹುದು, ಎರಡನೇ ಮಹಡಿಯ ಟೂ ಬಿಎಚ್‌ಕೆಯಲ್ಲಿ.

ಮನುಷ್ಯರಿಗೂ ಅಪರೂಪಕ್ಕೆ ಹೀಗಾಗುತ್ತೆ. ಇಂಗ್ಲೆಂಡಿನ ರಾಣಿ ಒಂದನೇ ಮೇರಿ 1554ರಲ್ಲಿ ಗರ್ಭಿಣಿ ಅಂತ ಸುದ್ದಿಯಾಯ್ತು. 1555ರ ಏಪ್ರಿಲ್‌ನಲ್ಲಿ ಹೆರಿಗೆಗೆಂದು ಹ್ಯಾಂಪ್ಟನ್ ಕೋರ್ಟ್ ಅರಮನೆಯ ಕೋಣೆ ಸೇರಿದಳು. ತೊಟ್ಟಿಲೂ ಸಿದ್ಧವಾಗಿತ್ತು. ತಿಂಗಳುಗಳು ಕಳೆದವು, ಮಗು ಬರಲೇ ಇಲ್ಲ. ಆಗಸ್ಟ್‌ನಲ್ಲಿ ಅವಳು ಸುಮ್ಮನೆ ಆ ಅರಮನೆ ಬಿಟ್ಟು ಹೊರಟಳು. ಇಡೀ ಯುರೋಪು ಆಡಿಕೊಂಡಿತು. ಇದನ್ನ ಓದಿದ ಮೇಲೆ ನನಗೆ ರೀಲ್ ಐಡಿಯಾ ಇನ್ನೂ ಅಸಹ್ಯ ಅನ್ನಿಸ್ತು.

ಡಾಕ್ಟ್ರು ಕೊಟ್ಟ ಪಟ್ಟಿ ಚಿಕ್ಕದು, ಪಾಲಿಸೋದು ಕಷ್ಟ. ಮೊಲೆ ಮುಟ್ಟಬೇಡಿ, ಹಿಂಡಬೇಡಿ, ಬಿಸಿ ಶಾಖವೂ ಬೇಡ. ಮುಟ್ಟಿದಷ್ಟೂ ‘ಇನ್ನೂ ಹಾಲು ಬೇಕು’ ಅಂತ ಮೈಗೆ ಸುದ್ದಿ ಹೋಗುತ್ತೆ. ಅವಳೇ ನೆಕ್ಕಿಕೊಂಡರೂ ಅಷ್ಟೇ. ಅದಕ್ಕೆ ನನ್ನ ಆಫೀಸಿನ ಹ್ಯಾಕಥಾನ್ ಟೀ ಶರ್ಟು ತೊಡಿಸಿದ್ವಿ. ಊಟ ಸ್ವಲ್ಪ ಕಮ್ಮಿ, ನೀರು ಎಂದಿನಂತೆ. ವಾಕಿಂಗ್ ಜಾಸ್ತಿ, ಅದೂ ಹೊಸ ಹೊಸ ದಾರಿಯಲ್ಲಿ. ದಿನಾ ಹೋಗೋ ರಸ್ತೆ ಬಿಟ್ಟು ಒಂದಿನ ಶಂಕರಮಠದ ಕಡೆ, ಒಂದಿನ ಕಾಮಾಕ್ಷಿಪಾಳ್ಯದ ಕಡೆ. ಹೊಸ ವಾಸನೆ ಸಿಕ್ಕಿದರೆ ಅರ್ಧ ಗಂಟೆ ಮಕ್ಕಳು ಮರೆತುಹೋಗ್ತಾವೆ.

ಆ ಆಟಿಕೆಗಳದ್ದೇ ದೊಡ್ಡ ಪ್ರಶ್ನೆ. ಎದುರಿಗೇ ಕಿತ್ತುಕೊಂಡರೆ ಅವಳಿಗೆ ಗಾಬರಿ, ನಮಗೆ ಕಚ್ಚುವ ಅಪಾಯ. ಹಾಗೇ ಬಿಟ್ಟರೆ ತಾಯ್ತನ ಮುಂದುವರಿಯುತ್ತೆ. ದಾರಿ ಏನಂದ್ರೆ, ಅವಳು ವಾಕಿಂಗ್ ಹೋದಾಗ ಇನ್ನೊಬ್ಬರು ಒಂದೊಂದಾಗಿ ತೆಗೆದಿಡೋದು. ಮೊದಲ ದಿನ ಆನೆ ಹೋಯ್ತು. ವಾಪಸ್ ಬಂದ ಚುಕ್ಕಿ ಗೂಡು ಮೂಸಿದಳು, ಬಾಲ್ಕನಿಗೆ ಹೋದಳು, ವಾಷಿಂಗ್ ಮೆಷೀನ್ ಹಿಂದೆ ನೋಡಿದಳು, ಬಂದು ನನ್ನ ಮುಖ ನೋಡಿದಳು. ನಾನು ಲ್ಯಾಪ್‌ಟಾಪ್ ಮುಂದೆ ಸ್ಟ್ಯಾಂಡಪ್ ಕಾಲ್‌ನಲ್ಲಿದ್ದೆ. ಮ್ಯೂಟ್ ಒತ್ತಿ ಸ್ವಲ್ಪ ಹೊತ್ತು ಅವಳ ಪಕ್ಕ ನೆಲದ ಮೇಲೆ ಕೂತೆ.

ಎರಡನೇ ಸಲದ ಹೊತ್ತಿಗೆ ಹಾಸನದ ಕಡೆಯಿಂದ ನಮ್ಮತ್ತೆ ಬಂದಿದ್ರು. ‘ಬಾಣಂತಿಗೆ ಊಟ ಕಮ್ಮಿ ಮಾಡ್ಬೇಕಂತೆ! ಯಾವ ಸೀಮೆ ಡಾಕ್ಟ್ರು ಅವ್ರು?’ ಅಂತ ಗೊಣಗಿದ್ರು. ಆಟಿಕೆ ತೆಗೆದಿಡೋ ವಿಷಯ ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾಗಿ, ‘ನಮ್ಮೂರಲ್ಲಿ ಇದಕ್ಕೆ ಉಲ್ಟಾ ಮಾಡ್ತಿದ್ರು ಕಣಮ್ಮ’ ಅಂದ್ರು. ಕರು ಸತ್ತರೆ ಹಸು ಹಾಲು ಇಳಿಸೋಲ್ಲ. ಆಗ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸ್ತಿದ್ರಂತೆ. ಹಸು ಅದನ್ನ ನೆಕ್ಕುತ್ತಾ ಹಾಲು ಬಿಡ್ತಿತ್ತಂತೆ.

‘ಅದು ಹುಲ್ಲು ಅಂತ ಹಸುಗೆ ಗೊತ್ತಾಗ್ತಿರಲಿಲ್ವಾ ಅತ್ತೆ?’

‘ಗೊತ್ತಾಗ್ತಿತ್ತೇನೋ. ಆದ್ರೂ ನೆಕ್ತಿತ್ತು.’

ಅವತ್ತಿಂದ ವಾಕಿಂಗ್ ಹೊತ್ತಿಗೆ ಆಟಿಕೆ ತೆಗೆದಿಡೋ ಕೆಲಸ ಅತ್ತೆಯೇ ವಹಿಸಿಕೊಂಡ್ರು. ಸಾಕ್ಸನ್ನ ಒಗೆದು, ಮಡಚಿ, ಬೀರುವಿನ ಮೇಲಿನ ತಟ್ಟೆಯಲ್ಲಿ ಇಟ್ಟಿದ್ರು.

ಕೆಳಗಿನ ಮನೆ ಆಂಟಿ ನನ್ನನ್ನ ಕಂಡಾಗಲೆಲ್ಲ ‘ವಿಶೇಷ ಏನಮ್ಮಾ?’ ಅಂತಾರೆ. ಮದುವೆಯಾಗಿ ಆರು ವರ್ಷವಾದವಳಿಗೆ ಆ ‘ವಿಶೇಷ’ದ ಅರ್ಥ ಕನ್ನಡ ಬಲ್ಲವರಿಗೆಲ್ಲ ಗೊತ್ತು. ನಮ್ಮನೇಲಿ ವಿಶೇಷ ಇಲ್ಲದಿರೋದಕ್ಕೆ ಕಾರಣಗಳಿವೆ, ಅವು ನಮ್ಮಿಬ್ಬರವು. ಟೀ ಶರ್ಟು ಹಾಕ್ಕೊಂಡ ಚುಕ್ಕಿಯನ್ನ ನೋಡಿ ಆಂಟಿ ಒಂದಿನ, ‘ಅಯ್ಯೋ, ನಾಯಿಗಾದ್ರೂ ಆಸೆ ಇದೆ ನೋಡಿ’ ಅಂತ ಅತ್ತೆ ಹತ್ರ ನಕ್ಕರು. ಅತ್ತೆ ನಗಲಿಲ್ಲ. ‘ಅದಕ್ಕೆ ಮೈ ನೋವಿದೆ ಕಣ್ರೀ. ನಮ್ಮುಡುಗ್ರು ಚೆನ್ನಾಗಿದಾರೆ, ಇನ್ನೇನು ವಿಶೇಷ ಬೇಕು’ ಅಂತ ಹೇಳಿ ಮೆಟ್ಟಿಲು ಹತ್ತಿ ಬಂದ್ರು. ನಾನು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದೆ. ಇಬ್ಬರೂ ಆ ವಿಷಯ ಮಾತಾಡಲಿಲ್ಲ. ಆವತ್ತು ಕಾಫಿಗೆ ಸಕ್ಕರೆ ಒಂದು ಚಮಚ ಜಾಸ್ತಿ ಬಿದ್ದಿತ್ತು, ಅಷ್ಟೇ.

ಮೂರನೇ ಸಲ ಹಾಲು ವಿಪರೀತವಾಯ್ತು. ಡಾಕ್ಟ್ರು ಕ್ಯಾಬರ್ಗೊಲಿನ್ ಅನ್ನೋ ಔಷಧಿ ಬರೆದುಕೊಟ್ರು. ಅದು ಪ್ರೊಲ್ಯಾಕ್ಟಿನ್ ಇಳಿಸುತ್ತೆ. ಮೊದಲೆರಡು ದಿನ ವಾಂತಿಯಾಗಬಹುದು ಅಂದಿದ್ರು, ಆಯ್ತು. ನಿಜವಾದ ಬಸಿರಿದ್ದರೆ ಇದರಿಂದ ಗರ್ಭಪಾತವೂ ಆಗಬಹುದು. ಅದಕ್ಕೇ ಸ್ಕ್ಯಾನ್ ಇಲ್ಲದೆ, ಡಾಕ್ಟ್ರನ್ನ ಕೇಳದೆ ಮೆಡಿಕಲ್ ಶಾಪಿನಿಂದ ತಂದು ಕೊಡೋ ಮಾತ್ರೆ ಅಲ್ಲ ಇದು.

ಆಪರೇಷನ್ ಮಾತು ಬಂದಾಗ ಅತ್ತೆ, ‘ಒಂದ್ಸಲನಾದ್ರೂ ತಾಯಿ ಆಗ್ಲಿ ಪಾಪ, ಆಮೇಲೆ ಮಾಡಿಸಿ’ ಅಂದ್ರು. ಒಂದು ಸಲ ಮರಿ ಹಾಕಿದರೆ ಸುಳ್ಳು ಬಸಿರು ನಿಲ್ಲುತ್ತೆ ಅನ್ನೋದು ಬರೀ ನಂಬಿಕೆ ಅಂತ ಡಾಕ್ಟ್ರು ಹೇಳಿದ್ರು. ಗರ್ಭಕೋಶ, ಅಂಡಾಶಯ ತೆಗೆದರೆ ಮುಂದೆ ಬೆದೆಯೂ ಇಲ್ಲ, ಈ ಬಾಣಂತನವೂ ಇಲ್ಲ. ಆದರೆ ಹಾಲು ಇರುವಾಗಲೇ ಮಾಡಿಸಬಾರದು. ಹಾರ್ಮೋನು ಮತ್ತೆ ಏರುಪೇರಾಗಿ ಇದೇ ಸ್ಥಿತಿ ಎಳೆಯುತ್ತೆ. ಹಾಲು ಪೂರ್ತಿ ಬತ್ತಬೇಕು. ಬೆದೆ ಮುಗಿದು ಮೂರು ತಿಂಗಳಾದ ಮೇಲೆ ಒಳ್ಳೇ ಸಮಯ.

ಊರಿಗೆ ಹೋದ ಅತ್ತೆ ಒಂದು ವಾರಕ್ಕೆ ಫೋನ್ ಮಾಡಿದ್ರು. ‘ಡೇಟ್ ಯಾವತ್ತು ಕೊಟ್ಟಿದಾರೆ? ನಾನು ಹಿಂದಿನ ದಿನಾನೇ ಬರ್ತೀನಿ. ನೀವಿಬ್ರೂ ಆಫೀಸಿಗೆ ಹೋದ್ರೆ ಅದನ್ನ ಯಾರು ನೋಡ್ಕೋತಾರೆ?’

ಡೇಟ್ ಮುಂದಿನ ತಿಂಗಳು. ಹಾಲು ಬತ್ತಿದೆ. ಚುಕ್ಕಿ ಈಗ ಬಾಲ್ಕನಿಯಲ್ಲಿ ಕೂತು ಹೂವಿನವರಿಗೆ ಬೊಗಳ್ತಾಳೆ.

ನಿಮ್ಮನೇಲೂ ಹೆಣ್ಣುನಾಯಿ ಇದ್ದರೆ ಬೆದೆ ಮುಗಿದ ದಿನ ಫೋನಿನ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಆರು ವಾರವಾದ ಮೇಲೆ ಸ್ವಲ್ಪ ಗಮನ ಇರಲಿ. ಗೂಡು, ಆಟಿಕೆ, ಒಂದಿಷ್ಟು ಹಾಲು ಇದ್ದರೆ ಗಾಬರಿ ಬೇಡ. ಮೊಲೆ ಕೆಂಪಾಗಿ ಗಟ್ಟಿಯಾಗಿ ಬಿಸಿಯಾಗಿದ್ದರೆ ಅದೇ ದಿನ ಡಾಕ್ಟ್ರಿಗೆ ತೋರಿಸಿ. ತುಂಬಾ ನೀರು ಕುಡೀತಾ ಇದ್ದರೆ, ವಾಂತಿ ಇದ್ದರೆ, ಹಿಂದಿನಿಂದ ಕೆಟ್ಟ ವಾಸನೆಯ ಕೀವು ಹೋಗ್ತಿದ್ದರೆ ರಾತ್ರಿಯಾದ್ರೂ ಓಡಿ. ಬೆದೆ ಮುಗಿದ ಇದೇ ವಾರಗಳಲ್ಲಿ ಗರ್ಭಕೋಶಕ್ಕೆ ಕೀವು ತುಂಬೋ ಕಾಯಿಲೆ ಬರುತ್ತೆ, ಅದು ಜೀವ ತೆಗೆಯುತ್ತೆ.

ಮತ್ತೆ, ಅವಳು ಸಾಕ್ಸು ನೆಕ್ತಾ ಇರುವಾಗ ಫೋನ್ ಕ್ಯಾಮೆರಾ ತೆಗೀಬೇಡಿ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಆಮೇಲೆ ಬೆಲ್ಟು ತಗೊಂಡು ಹೊಸ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ.