ನೆಲವನ್ನು ನೋಡದ ಪ್ರಮಾದ

ಶಿರ್ತಾಡಿಯಲ್ಲಿ ನಮ್ಮ ಮನೆಯ ಹಿಂಬದಿಗೆ ಒಂದು ಗುಡ್ಡೆಯಿದೆ. ಸೋದರಮಾವನ ಕಾಲದಿಂದ ಬಂದ ನನ್ನ ಪಾಲನ್ನು ಮನೆ ನಿವೇಶನಗಳಾಗಿ ವಿಂಗಡಿಸಿ ಮಾರಬಹುದೆಂದು ಅಳಿಯನು ಸಲಹೆಯಿತ್ತಾಗ, ನಿವೃತ್ತ ಅಧ್ಯಾಪಕನಾದ ನನಗೂ ಅದು ಹಿತವಾಗಿಯೇ ತೋರಿತು. ಭೂಪರಿವರ್ತನೆಯ ಆದೇಶ ದೊರೆತ ಮೇಲೆ ಜೆಸಿಬಿ ಬಂದು ಗುಡ್ಡೆಯ ಮೇಲ್ಬದಿಯನ್ನು ಕಡಿಯಿತು. ಕಡಿದ ಮಣ್ಣನ್ನು ಕೆಳಬದಿಗೆ ತಳ್ಳಿ ಸಮತಟ್ಟು ಮಾಡಿತು. ನೋಡುವ ಕಣ್ಣಿಗೆ ಎಲ್ಲವೂ ಒಂದೇ ಅಂಗಳ.

ನಿವೇಶನ ನೋಡಲು ಬಂದವರಲ್ಲಿ ಸಂಪಾಜೆ ಕಡೆಯ ಗೃಹಸ್ಥರೊಬ್ಬರಿದ್ದರು. ಅವರು ದಾಖಲೆಗಳನ್ನು ಹೆಚ್ಚು ನೋಡಲಿಲ್ಲ. ಕೆಳಬದಿಯ ಮಣ್ಣಿನ ಮೇಲೆ ನಿಂತು, "ಮಾಸ್ಟ್ರೇ, ಇದು ಕಡಿದ ನೆಲವೋ, ತುಂಬಿಸಿದ ನೆಲವೋ?" ಎಂದು ಕೇಳಿದರು. ಹಾಗೆ ಕೇಳಲು ಅವರಿಗೆ ಕಾರಣವಿತ್ತು. 2018ರ ಆಗಸ್ಟ್ ತಿಂಗಳ ಮಳೆಗೆ ಅವರ ಊರಿನ ಮೇಲಣ ಜೋಡುಪಾಲದಲ್ಲಿ ಗುಡ್ಡಗಳೇ ಜಾರಿ ಮನೆಗಳನ್ನೂ ಜೀವಗಳನ್ನೂ ಕೊಂಡೊಯ್ದಿದ್ದವು. 2022ರ ಜೂನ್ 25 ಮತ್ತು 28ರಂದು ಅದೇ ಸೀಮೆಯಲ್ಲಿ ಭೂಮಿ ಕಂಪಿಸಿತು. ಕಂಪನಗಳು ಸಣ್ಣವು, ಆದರೂ ಕಾಲ ಕೆಳಗಿನ ನೆಲದ ಮೇಲಿನ ನಂಬಿಕೆ ಒಮ್ಮೆ ಅಲುಗಿದರೆ ಮತ್ತೆ ಸುಲಭವಾಗಿ ನಿಲ್ಲದು.

"ಪಂಚಾಯತಿನವರು ಪರಿಶೀಲಿಸಿಯೇ ಪರವಾನಿಗೆ ಕೊಡುತ್ತಾರಲ್ಲ" ಎಂದೆ. ಅವರು ಮರುಮಾತಾಡದೆ ಹೋದರು. ನನ್ನ ಉತ್ತರ ಮಾತ್ರ ನನ್ನನ್ನು ಬಿಡಲಿಲ್ಲ.

1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯತಿಯ ಅನುಮತಿಯಿಲ್ಲದೆ ಮನೆ ಕಟ್ಟುವಂತಿಲ್ಲ. ಆದರೆ ಪರಿಶೀಲನೆಗೆ ಬರುವುದು ನಾವು ಕೊಟ್ಟ ಕಡತ. ಅದರಲ್ಲಿ ಹಕ್ಕು, ಗಡಿ, ದಾರಿಯ ಅಗಲ ಎಲ್ಲವೂ ಇದ್ದವು. ಎಲ್ಲಿ ಕಡಿದೆ, ಎಲ್ಲಿ ತುಂಬಿಸಿದೆ ಎಂಬುದನ್ನು ನಾನು ಬರೆದಿರಲಿಲ್ಲ. ನಾನು ಹೇಳದೆ ಬಿಟ್ಟುದನ್ನು ಕಂಡುಹಿಡಿಯುವ ಹೊಣೆಯನ್ನು ಮಾತ್ರ ಅವರ ಮೇಲೆ ಹೊರಿಸಿದ್ದೆ.

ನಮ್ಮ ಕಡೆ ಕೆಂಪುಕಲ್ಲಿನ ಪದರದ ಕೆಳಗೆ ಶೇಡಿ ಮಣ್ಣು ಇರುವುದು ಸಾಮಾನ್ಯ. ಒಣಗಿದಾಗ ಗಟ್ಟಿಯಾಗಿ ತೋರುವ ಅದು ನೀರು ಕುಡಿದಾಗ ಬಲಗುಂದುತ್ತದೆ. ಅರ್ಧ ಕಡಿದ ನೆಲದ ಮೇಲೆ, ಅರ್ಧ ತುಂಬಿಸಿದ ನೆಲದ ಮೇಲೆ ನಿಂತ ಮನೆಯ ಎರಡು ಭಾಗಗಳು ಒಂದೇ ಸಮನಾಗಿ ಕುಳಿತುಕೊಳ್ಳುವುದಿಲ್ಲ. ಮಳೆಗೆ ಬಿರಿಯುವ ಗೋಡೆ ಕಂಪನಕ್ಕೆ ತಡೆಯುವುದೆಂತು?

"ನಮ್ಮಲ್ಲಿ ಭೂಕಂಪವೆಲ್ಲಿ ಮಾವ?" ಎಂದು ಅಳಿಯ ನಕ್ಕನು. ಅದೇ 1993ರ ಸೆಪ್ಟೆಂಬರ್ 30ರ ನಸುಕಿನವರೆಗೆ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯ ಜನರೂ ಹಾಗೆಯೇ ಎಣಿಸಿದ್ದರು. ಅಂದಿನ ನಕ್ಷೆಯಲ್ಲಿ ಆ ಸೀಮೆ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು. ಸುಮಾರು 10,000 ಮಂದಿ ಸತ್ತರು; ಬಹುಪಾಲು ಜನರನ್ನು ಕೊಂದುದು ಅವರದೇ ಮನೆಗಳ ಕಲ್ಲು-ಮಣ್ಣಿನ ಭಾರವಾದ ಗೋಡೆಗಳು. 2002ರಲ್ಲಿ ಪರಿಷ್ಕರಿಸಿದ ನಕ್ಷೆ ಕಿಲ್ಲಾರಿಯನ್ನು ಮೂರನೆಯ ವಲಯಕ್ಕೆ ಏರಿಸಿತು; ನಮ್ಮ ಕರಾವಳಿಯನ್ನೂ ಅದೇ ವಲಯದಲ್ಲಿ ಇರಿಸಿತು.

ಮುನಿಗಳು ಈರ್ಯಾಸಮಿತಿಯನ್ನು ಪಾಲಿಸಿ ಮುಂದಣ ನಾಲ್ಕು ಮೊಳ ನೆಲವನ್ನು ನೋಡಿಯೇ ಹೆಜ್ಜೆಯಿಡುತ್ತಾರೆ. ಇರುವೆಯ ಜೀವಕ್ಕಾಗಿ ಅಷ್ಟು ಎಚ್ಚರವಿರುವಾಗ, ಒಂದು ಕುಟುಂಬವು ಮಲಗುವ ನೆಲವನ್ನು ನೋಡದೆ ಮಾರುವುದು ಶ್ರಾವಕನಿಗೆ ಒಪ್ಪೀತೆ? ತತ್ತ್ವಾರ್ಥಸೂತ್ರವು ಹಿಂಸೆಯ ಮೂಲದಲ್ಲಿ ಪ್ರಮಾದವನ್ನು ಕಾಣುತ್ತದೆ. ಕೊಲ್ಲುವ ಮನಸ್ಸು ನನಗಿರಲಿಲ್ಲ, ನಿಜ. ನೋಡುವ ಮನಸ್ಸೂ ಇರಲಿಲ್ಲ.

ಗುಂಡಿ ತೋಡಿಸಿ ನೋಡಿದೆವು. ಕೆಳಬದಿಯಲ್ಲಿ ಆಳುದ್ದಕ್ಕೂ ಸಡಿಲ ಮಣ್ಣೇ ಸಿಕ್ಕಿತು. ಅಲ್ಲಿಯ ನಾಲ್ಕು ನಿವೇಶನಗಳನ್ನು ಕೈಬಿಟ್ಟು, ಉಳಿದವುಗಳ ನಕ್ಷೆಯಲ್ಲಿ ಕಡಿದ ಗೆರೆಯನ್ನು ಕೆಂಪು ಶಾಯಿಯಿಂದ ಗುರುತಿಸಿ ಮತ್ತೆ ಸಲ್ಲಿಸಿದೆ. ಮಗಳ ಮನೆಯ ಸಾಲ ತೀರಿಸಲೆಂದು ಎಣಿಸಿದ್ದ ಹಣ ಅದರೊಂದಿಗೆ ಹೋಯಿತು. ಅಳಿಯನ ಮುನಿಸು ಇನ್ನೂ ಇಳಿದಿಲ್ಲ.

ವಾಚಕರಲ್ಲಿ ಗ್ರಾಮಸಭೆಗೆ ಹೋಗುವವರು ಅನೇಕರಿರಬಹುದು. ಹೊಸ ಬಡಾವಣೆಯ ಮಾತು ಬಂದಾಗ, ನೆಲ ಕಡಿದುದೋ ತುಂಬಿಸಿದುದೋ, ಮಳೆನೀರು ಯಾವ ತೋಡಿಗೆ ಹರಿಯುತ್ತದೆ, ಧರೆಗೆ ಆಸರೆಯೇನು ಎಂಬ ಮೂರು ಪ್ರಶ್ನೆಗಳನ್ನು ಎದ್ದು ನಿಂತು ಕೇಳಬೇಕೆಂದು ವಿನಂತಿ. ಕೇಳುವವರಿದ್ದರೆ ಬರೆಯುವವರೂ ಬರೆಯುತ್ತಾರೆ. ಸಂಪಾಜೆಯ ಆ ಗೃಹಸ್ಥರು ಕೇಳದೆ ಹೋಗಿದ್ದರೆ ನಾನಂತೂ ಬರೆಯುತ್ತಿರಲಿಲ್ಲ.