ಎರಡು ಊರಿನ ಬಾಕಿ ಲೆಕ್ಕ

ಡಿಕ್ಷನರಿ ಎಂದರೆ ನಮಗೆಲ್ಲ ನಿಘಂಟು. ನಮ್ಮ ಮನೆಯ ಉರ್ದುವಿನಲ್ಲಿ ಲುಗತ್. ಪೈಥಾನ್‌ನಲ್ಲಿ ಡಿಕ್ಷನರಿ ಎಂದರೆ ಒಂದು ಕೀ, ಅದಕ್ಕೊಂದು ವ್ಯಾಲ್ಯೂ. ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ, ಲೆಡ್ಜರ್ ಇದ್ದ ಹಾಗೆ: ಕೀ ಎಂದರೆ ಖಾತೆಯ ಹೆಸರು, ವ್ಯಾಲ್ಯೂ ಎಂದರೆ ಬಾಕಿ.

ನನ್ನ ಅಬ್ಬಾ ಬೇಕರಿಯಿಂದ ಬನ್ನು, ರಸ್ಕು, ಬಿಸ್ಕತ್ತು ತಂದು ಟೀ ಅಂಗಡಿಗಳಿಗೆ ಹಾಕುತ್ತಾರೆ. ಒಂದು ದಿನ ನಂಜನಗೂಡು, ಮರುದಿನ ಟಿ. ನರಸೀಪುರ. ಕಪಿಲಾ ನದಿಯೂ ನಂಜನಗೂಡಿನಿಂದ ನರಸೀಪುರದ ಕಡೆಗೇ ಹೋಗುತ್ತದೆ. ನದಿ ಅಲ್ಲಿ ಕಾವೇರಿಯನ್ನು ಸೇರುತ್ತದೆ, ಅಬ್ಬಾ ಸಂಜೆಗೆ ವಾಪಸ್ ಬರುತ್ತಾರೆ. ಊರಿಗೊಂದರಂತೆ ಎರಡು ನೋಟ್‌ಬುಕ್. ಅವರ ಉರ್ದು ಬರವಣಿಗೆ ಅಮ್ಮಿಗೂ ಅರ್ಥವಾಗುವುದಿಲ್ಲ. ಕಳೆದ ಮಳೆಗಾಲದಲ್ಲಿ ನರಸೀಪುರದ ನೋಟ್‌ಬುಕ್ ನೆನೆದು ಹಾಳೆಗಳು ಅಂಟಿಕೊಂಡವು. ಅಂಗಡಿಯವರು ಹೇಳಿದ್ದೇ ಬಾಕಿ ಎಂದಾಯಿತು. ಆಮೇಲೆ ನಾನು ಲ್ಯಾಬ್‌ನಲ್ಲಿ ಕಲಿತದ್ದನ್ನು ಮನೆಯ ಫೋನಿನಲ್ಲಿ ಬರೆಯಲು ಕೂತೆ.

ಎರಡು ಊರಿಗೆ ಎರಡು ಡಿಕ್ಷನರಿ, ಅವೆರಡನ್ನೂ ಒಳಗಿಟ್ಟುಕೊಂಡ ಒಂದು ದೊಡ್ಡ ಡಿಕ್ಷನರಿ. ಪ್ರೋಗ್ರಾಂ ಮೊದಲು "ಯಾವ ಊರು?" ಎನ್ನುತ್ತದೆ. ಕೊಟ್ಟ ಉತ್ತರವೇ ಕೀ. ಆ ಊರಿನ ಡಿಕ್ಷನರಿ ಸಿಗುತ್ತದೆ. ಆಮೇಲೆ ಅಂಗಡಿ, ಆಮೇಲೆ ಮೊತ್ತ. ನಾಳೆ ಮೂರನೇ ಊರು ಬಂದರೂ ಹೊಸದಾಗಿ ಇಫ್ ಬರೆಯಬೇಕಿಲ್ಲ.

ಕಷ್ಟವಿರುವುದು ಉತ್ತರದಲ್ಲಿ. ಒಂದೇ ಊರನ್ನು ಟಿ. ನರಸೀಪುರ, ತಿ. ನರಸೀಪುರ, ತಿರುಮಕೂಡಲು ನರಸೀಪುರ ಎನ್ನುತ್ತೇವೆ. ಬಸ್ಸಿನಲ್ಲಿ ಬರೀ ನರಸೀಪುರ. ಡಿಕ್ಷನರಿಗೆ ಇವು ನಾಲ್ಕು ಊರುಗಳು. ಇಲ್ಲದ ಕೀಯ ಬಾಕಿ ಕೇಳಿದರೆ ಕೀ ಎರರ್ ಎಂದು ನಿಂತುಬಿಡುತ್ತದೆ, ಅದೇ ವಾಸಿ. ಇಲ್ಲದ ಕೀಗೆ ಮೊತ್ತ ಬರೆದರೆ ಮಾತ್ರ ತುಟಿಪಿಟಿಕ್ಕೆನ್ನದೆ ಹೊಸ ಖಾತೆ ತೆರೆಯುತ್ತದೆ. ಒಬ್ಬರೇ ಅಂಗಡಿಯವರು ಮೊಹಮ್ಮದ್ ಎಂದು ಒಂದು ಕಡೆ, ಮಹಮ್ಮದ್ ಎಂದು ಇನ್ನೊಂದು ಕಡೆ ಸಾಲಗಾರರಾಗಿ ಕೂರುತ್ತಾರೆ! ಹಾಗಾಗಿ ಹೆಸರು ಟೈಪ್ ಮಾಡಿಸುವುದನ್ನೇ ಕೈಬಿಟ್ಟೆ. ಇರುವ ಕೀಗಳನ್ನು 1, 2, 3 ಎಂದು ತೋರಿಸುತ್ತದೆ, ಅಬ್ಬಾ ಸಂಖ್ಯೆ ಒತ್ತುತ್ತಾರೆ. ಪೈಥಾನ್ 3.7ರಿಂದ ಡಿಕ್ಷನರಿ ಸೇರಿಸಿದ ಕ್ರಮವನ್ನೇ ಉಳಿಸಿಕೊಳ್ಳುವುದರಿಂದ ಅಬ್ಬಾ ಹೋಗುವ ದಾರಿಯ ಕ್ರಮದಲ್ಲೇ ಅಂಗಡಿಗಳು ಬರುತ್ತವೆ. ಹೊಸ ಅಂಗಡಿಗೆ 0 ಒತ್ತಬೇಕು, ಆಗಲೂ "ಹೊಸ ಖಾತೆ ತೆರೆಯಲೇ?" ಎಂದು ಕೇಳಿಯೇ ಮುಂದೆ ಹೋಗುತ್ತದೆ.

ಇನ್ನೊಂದು ಮಾತು. ಇನ್‌ಪುಟ್ ಕೊಡುವುದು ಸಂಖ್ಯೆಯನ್ನಲ್ಲ, ಅಕ್ಷರಗಳನ್ನು. 200ಕ್ಕೆ 250 ಸೇರಿಸಿದರೆ 200250 ಆಗಿ ಟೀ ಅಂಗಡಿಯವರ ತಲೆಯ ಮೇಲೆ ಎರಡು ಲಕ್ಷ ಬೀಳುತ್ತದೆ. ಇಂಟ್ ಹಾಕಿದರೆ 450. ೨೦೦ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಇಂಟ್ ಅದನ್ನು ಸರಿಯಾಗಿ ಓದುತ್ತದೆ. ಪರೀಕ್ಷಿಸಿ ನೋಡಿ, ಖುಷಿಯಾಗುತ್ತದೆ.

ವ್ಯಾಲ್ಯೂ ಬದಲಿಸುವಾಗ ಅಕೌಂಟೆನ್ಸಿ ತರಗತಿ ನೆನಪಾಯಿತು. ಕೀಗೆ ಹೊಸ ಮೊತ್ತ ಕೊಟ್ಟರೆ ಹಳೆಯದು ಗುರುತಿಲ್ಲದೆ ಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಹಾಗೆ ರಬ್ಬರಿನಿಂದ ಅಳಿಸುವಂತಿಲ್ಲ. ಅಂಗಡಿಯವರು "ಹೋದ ವಾರ 100 ಕೊಟ್ಟಿದ್ದೆನಲ್ಲ" ಎಂದರೆ ತೋರಿಸಲು ಏನಾದರೂ ಇರಬೇಕು. ಆದ್ದರಿಂದ ವ್ಯಾಲ್ಯೂ ಜಾಗದಲ್ಲಿ ಒಂದೇ ಮೊತ್ತವಿಲ್ಲ, ಒಂದು ಲಿಸ್ಟ್ ಇದೆ: ತಾರೀಖು, ಹಾಕಿದ ಮಾಲು, ಬಂದ ಹಣ. ಬಾಕಿಯನ್ನು ಕೂಡಿ ಕಳೆದು ತೋರಿಸುತ್ತದೆ. ಪ್ರೋಗ್ರಾಂ ಮುಚ್ಚಿದರೆ ಡಿಕ್ಷನರಿ ಹೋಗಿಬಿಡುವುದರಿಂದ ಪ್ರತಿ ಸಲವೂ ಫೈಲಿಗೆ ಬರೆಯುತ್ತದೆ.

ನಂಜನಗೂಡಿನ ಪಟ್ಟಿಯಲ್ಲಿ ಒಂದು ಅಂಗಡಿ ಮುಚ್ಚಿದೆ. ಅದನ್ನು ನಡೆಸುತ್ತಿದ್ದ ಹಿರಿಯರು ತೀರಿಕೊಂಡರು. 640 ರೂಪಾಯಿ ಬಾಕಿ ಇತ್ತು; ಅವರ ಮನೆಯವರ ಹತ್ತಿರ ಅಬ್ಬಾ ಕೇಳಲೇ ಇಲ್ಲ. ಡೆಲ್ ಎಂದು ಬರೆದರೆ ಕೀ, ವ್ಯಾಲ್ಯೂ ಎರಡೂ ಹೋಗುತ್ತವೆ, ತೆಗೆದುಬಿಡಲೇ ಎಂದು ಕೇಳಿದೆ. ಅಬ್ಬಾ ಸ್ವಲ್ಪ ಹೊತ್ತು ಫೋನನ್ನೇ ನೋಡಿದರು. "ನಾಮ್ ಮಿಟಾನಾ ನಕ್ಕೋ" ಎಂದರು. ಹೆಸರು ಅಳಿಸಬೇಡ. ಲಿಸ್ಟಿನ ಕೊನೆಗೆ "640, ಮಾಫ್" ಎಂದು ಸೇರಿಸಿದೆ. ಬಾಕಿ 0 ಆಯಿತು. ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಬ್ಯಾಡ್ ಡೆಟ್ಸ್ ಎನ್ನುತ್ತಾರೆ. ಆ ಮಾತನ್ನು ಅಬ್ಬಾಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಅಬ್ಬಾಗೆ ಕನ್ನಡ ಮಾತು ಸಲೀಸು, ಓದು ನಿಧಾನ. ಅಂಗಡಿಗಳ ಹೆಸರನ್ನು ಉರ್ದು ಲಿಪಿಯಲ್ಲೂ ತೋರಿಸುವ ಕೆಲಸ ಈ ರಜೆಗೆ ಉಳಿದಿದೆ. ಅದಕ್ಕೆ ಇನ್ನೊಂದು ಡಿಕ್ಷನರಿ ಬೇಕು.